ಮಾರಕ್ಕ ಅಂದಮೇಲೆ ಗುದ್ದಬಾರದು

ಕಳೆದ ವಾರ ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಹಿತ್ತಲಿನಿಂದ ಬಂದ ಅವರು "ತಗೊಳ್ಳಿ" ಎಂದು ಒಂದು ಸೀಬೆಹಣ್ಣನ್ನು ನನ್ನ ಕಡೆ ಎಸೆದರು. ಇಂಥ ಹೊತ್ತಿನಲ್ಲಿ ಯಾರಾದರೂ ಏನು ಮಾಡುತ್ತಾರೆ? ಹಿಡಿಯುತ್ತಾರೆ, ಇಲ್ಲವೆ ಕೈಬಿಡುತ್ತಾರೆ. ನಾನು ಗುದ್ದಿದೆ. ಹಣ್ಣು ಹಾರಿಹೋಗಿ ಗೋಡೆಯ ಮೇಲಿದ್ದ ಅವರ ಮಾವನವರ ಪಟಕ್ಕೆ ಬಡಿಯಿತು. ಗಾಜೇನೂ ಒಡೆಯಲಿಲ್ಲ, ಆದರೆ ಅಂದಿನಿಂದ ಮಾವನವರು ಸ್ವಲ್ಪ ಓರೆಯಾಗಿ ನೋಡುತ್ತಿದ್ದಾರಂತೆ. ಗೆಳೆಯರ ಹೆಂಡತಿ ಕಾಫಿ ಲೋಟವನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟು, ಒಂದಿಷ್ಟು ದೂರ ಸರಿದು ನಿಂತರು.

ಕೆಲವರು ಮಾತಿಗೊಮ್ಮೆ ಮೂಗು ಮುಟ್ಟಿಕೊಳ್ಳುತ್ತಾರೆ, ಕೆಲವರು ಬೀಗ ಹಾಕಿದ ಮೇಲೆ ನಾಲ್ಕು ಸಲ ಎಳೆದು ನೋಡುತ್ತಾರೆ. ಅದು ಎಲ್ಲಿಂದ ಅಂಟಿಕೊಂಡಿತು ಎಂದು ಕೇಳಿದರೆ ಅವರಿಗೇ ತಿಳಿದಿರುವುದಿಲ್ಲ. ನನ್ನದು ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತು. ಅದು ಹೊಸೂರಿನ ಹತ್ತಿರದ ಅವಲಪಲ್ಲಿಯ ಒಂದು ಬಾವಿಯೊಳಗಿಂದ ಎದ್ದು ಬಂದು ನನ್ನ ಬಲಗೈಯಲ್ಲಿ ಸೇರಿಕೊಂಡಿದೆ.

ಹುಟ್ಟಿನಿಂದ ನನಗೂ ಹಾರಿಬರುವ ವಸ್ತುಗಳಿಗೂ ಆಗಿಬಂದಿಲ್ಲ. ಚಿಕ್ಕಂದಿನಲ್ಲಿ ಬೇಸಿಗೆ ಬಂತೆಂದರೆ ಕೃಷ್ಣಗಿರಿಯ ಹತ್ತಿರ ಸೋದರಮಾವನ ಮಾವಿನ ತೋಪಿಗೆ ಹೋಗುತ್ತಿದ್ದೆ. ಮರ ಹತ್ತಿದವರು ಕಾಯಿ ಕಿತ್ತು ಬಿಡುತ್ತಿದ್ದರು. ಕೆಳಗೆ ಇಬ್ಬರು ಗೋಣಿತಾಟಿನ ಎರಡು ಕೊನೆ ಹಿಡಿದು ಬೀಳುವ ಕಾಯಿಯನ್ನು ಆತುಕೊಳ್ಳಬೇಕು. ಕಾಯಿ ಕಿತ್ತ ಸದ್ದು ಕೇಳಿದೊಡನೆ ನಾನು ಕಣ್ಣು ಮುಚ್ಚುತ್ತಿದ್ದೆ. ತಾಟು ನನ್ನ ಕಡೆಯಿಂದ ಜೋತುಬೀಳುತ್ತಿತ್ತು, ಕಾಯಿ ನೆಲಕ್ಕೆ ಬಿದ್ದು ಒಡೆಯುತ್ತಿತ್ತು. ಒಂದು ಸಲ ಸೊನೆ ಸಿಡಿದು ಮೂಗಿನ ತುದಿ ಸುಟ್ಟು, ಶಾಲೆ ತೆರೆದ ಮೇಲೂ ಕಪ್ಪು ಬೊಟ್ಟು ಹೊತ್ತು ತಿರುಗಿದೆ. "ಏನ್ಲಾ ಅಳಿಮಯ್ಯ, ಕಾಯಿ ಬತ್ತದೆ ಅಂದ್ರೆ ದೇವ್ರ ಮುಂದೆ ನಿಂತೋನಂಗೆ ಕಣ್ಮುಚ್ಕೊಂತೀಯಲ್ಲ" ಎಂದು ಮಾವ ನಗುತ್ತಿದ್ದ. ಮುಂದೆ ಬೆಂಗಳೂರಿನ ಕಾಲೇಜಿನಲ್ಲಿ ಕ್ರಿಕೆಟ್ಟಿಗೆ ಒಬ್ಬ ಆಳು ಕಡಿಮೆಯಾದಾಗ, ಚೆಂಡು ಎಂದೂ ಬಾರದ ಮೂಲೆಯೊಂದನ್ನು ಹುಡುಕಿ ನನ್ನನ್ನು ನಿಲ್ಲಿಸಿದರು. ಅಂದು ಅಲ್ಲಿಗೂ ಬಂತು. ಅದರ ಕಥೆ ಬೇಡ.

ಬಿ.ಎ. ಮುಗಿಸಿ ಊರಿಗೆ ಬಂದಾಗ ಮಹಾಯುದ್ಧ ನಡೆಯುತ್ತಿತ್ತು. ಅವಲಪಲ್ಲಿಯ ಬಯಲಿನಲ್ಲಿ ಬ್ರಿಟಿಷ್ ಸೇನೆಯ ಹೇಸರಗತ್ತೆಗಳ ಬಿಡಾರವೊಂದು ಬಂದು ಇಳಿದಿತ್ತು. ಹಳ್ಳಿಗಳಿಂದ ಹುಲ್ಲು, ಹುರುಳಿ ಕೊಳ್ಳಲು ಅವರಿಗೆ ಒಬ್ಬ ದುಭಾಷಿ ಬೇಕಾಗಿದ್ದ. ನಮ್ಮ ಕಡೆ ಕನ್ನಡ, ತೆಲುಗು, ತಮಿಳು ಮೂರನ್ನೂ ಸಂತೆಯಲ್ಲಿ ಒಂದೇ ಉಸಿರಿನಲ್ಲಿ ಆಡುವುದು ದೊಡ್ಡ ವಿದ್ಯೆಯಲ್ಲ. ಜೊತೆಗೆ ಇಂಗ್ಲಿಷೂ ಇತ್ತೆಂದು ನನಗೆ ಆ ಕೆಲಸ ಸಿಕ್ಕಿತು. ಅಲ್ಲಿ ಡಾಸನ್ನನನ್ನು ಕಂಡೆ.

ಡಾಸನ್ ಆಸ್ಟ್ರೇಲಿಯಾದವನು. ಅಲ್ಲಿಂದ ಹಡಗಿನಲ್ಲಿ ಕುದುರೆಗಳ ಜೊತೆ ಬಂದು, ಅವನ್ನು ಒಪ್ಪಿಸಿ ಹಿಂದಿರುಗಬೇಕಾಗಿತ್ತು. ಹಡಗು ಸಿಗದೆ ಇಲ್ಲಿಯ ಹೇಸರಗತ್ತೆಗಳ ಜೊತೆ ಸಿಕ್ಕಿಹಾಕಿಕೊಂಡಿದ್ದ. ಉದ್ದನೆಯ ಆಳು, ಬಿಸಿಲಿಗೆ ಕೆಂಪೇರಿದ ಕುತ್ತಿಗೆ. ಬಂದ ವಾರದೊಳಗೆ ಊರಿನವರು ಅವನ ಹೆಸರನ್ನು ‘ದಾಸಣ್ಣ’ ಮಾಡಿಬಿಟ್ಟರು. ಅವನೂ ಒಪ್ಪಿಕೊಂಡ. ಆದರೆ ದಾಸಣ್ಣನಲ್ಲಿ ಒಂದು ವಿಚಿತ್ರವಿತ್ತು. ಹೇಸರಗತ್ತೆಗೆ ಮೇವು ಹಾಕುವುದು, ಲಗಾಮು ಹಿಡಿಯುವುದು ಎಲ್ಲ ಎಡಗೈಯಲ್ಲಿ. ಬಲಗೈ ಜೇಬಿನಲ್ಲಿರುತ್ತಿತ್ತು. ಸಂಜೆ ಡೇರೆಯ ಮುಂದೆ ಕುಳಿತು, ಆ ಕೈಯ ಒಂದೊಂದು ಬೆರಳಿಗೂ ಹರಳೆಣ್ಣೆ ತಿಕ್ಕುತ್ತಿದ್ದ.

"ಬಲಗೈ ಏನು ಮಡೀಲದೆಯಾ?" ಎಂದ ಮುನಿಯಪ್ಪ. ಮುನಿಯಪ್ಪ ಬಿಡಾರದ ಪಕ್ಕದ ಹೊಲದ ರೈತ, ನನ್ನ ಓರಗೆಯವನು. ನಮ್ಮ ಹುರುಳಿ ಗಾಡಿ ಅವನದೇ. ನನ್ನನ್ನು ಅವನು ‘ಬೀಯೇ ಅಣ್ಣ’ ಎಂದು ಕರೆಯುತ್ತಿದ್ದ. ಅದು ಗೌರವವೋ ಗೇಲಿಯೋ ಇವತ್ತಿಗೂ ಬಗೆಹರಿದಿಲ್ಲ.

ಆ ಬಲಗೈಯ ಗುಟ್ಟು ಬಿಚ್ಚಿದ್ದು ಬೇರಿಕೆ ಸಂತೆಗೆ ಹೋಗುವ ದಾರಿಯಲ್ಲಿ. ಮುನಿಯಪ್ಪ ಮುಂದೆ ಗಾಡಿ ಹೊಡೆಯುತ್ತಿದ್ದ, ದಾಸಣ್ಣ ಹಿಂದೆ ಕಾಲು ಇಳಿಬಿಟ್ಟು ಕುಳಿತಿದ್ದ, ನಾನು ನಡುವೆ. ತನ್ನ ದೇಶದಲ್ಲಿ ತಾನು ಚೆಂಡಾಟ ಆಡುತ್ತಿದ್ದೆ, ಅದಕ್ಕೆ ಸಂಬಳವಿತ್ತು, ಈ ಕೈ ಆ ಕೆಲಸದ್ದು ಎಂದ ದಾಸಣ್ಣ.

"ಆಟದಾಗೆ ಏನ್ ಮಾಡ್ತಿದ್ನಂತೆ ಕೇಳಣ್ಣ" ಎಂದ ಮುನಿಯಪ್ಪ.

ಕೇಳಿದೆ. "ಹಿಂದೆ ನಿಲ್ಲುತ್ತಿದ್ದೆ" ಎಂದು ಉತ್ತರ ಬಂತು.

"ನಿಂತ್ಕಂಡು?"

"ಎದುರು ಪಕ್ಷದವನು ಚೆಂಡು ಹಿಡಿಯದ ಹಾಗೆ ನೋಡಿಕೊಳ್ಳುತ್ತಿದ್ದೆ."

"ತಾನು ಹಿಡಿಯಾಕಿಲ್ವಾ?"

"ಹಿಡಿಯಬಹುದು. ಅದು ನನ್ನ ಕೆಲಸವಲ್ಲ. ಅವನು ಹಿಡಿಯುವುದನ್ನು ಕೆಡಿಸುವುದು ನನ್ನ ಕೆಲಸ."

ಮುನಿಯಪ್ಪ ಎತ್ತಿನ ಹಗ್ಗ ಸಡಿಲಿಸಿ ಪೂರ್ತಿ ಹಿಂದಕ್ಕೆ ತಿರುಗಿದ. "ಕೆಡ್ಸಾಕೆ ಸಂಬ್ಳ ಕೊಡ್ತಾರಾ? ನಮ್ಮೂರಾಗೆ ಬಿಟ್ಟಿ ಕೆಡ್ಸೋರೇ ಬೇಕಾದಷ್ಟವ್ರೆ ಕಣಣ್ಣ."

ಇದನ್ನೂ ಅನುವಾದಿಸಿದೆ. ದಾಸಣ್ಣ ನಗುತ್ತ ಗಾಡಿಯಿಂದ ಬೀಳುವುದರಲ್ಲಿದ್ದ.

ನಾನು ಮಾತ್ರ ನಗಲಿಲ್ಲ. ಹಿಡಿಯಲು ಬಾರದ್ದಕ್ಕೇ ಜೀವನವಿಡೀ ಬೈಸಿಕೊಂಡವನು ನಾನು. ಹಿಡಿಯದೆಯೂ ಒಬ್ಬ ಆಟಗಾರನಾಗಬಹುದು ಎಂದರೆ ನನಗೆ ಕುತೂಹಲವಾಗದೆ ಇರುತ್ತದೆಯೇ? ದಾರಿಯುದ್ದಕ್ಕೂ ಕೇಳಿದೆ. ಅವನ ಮೊದಲ ಪಂದ್ಯದಲ್ಲಿ ಹೆಸರಾಂತ ದೈತ್ಯನೊಬ್ಬನನ್ನು ಕಾಯಲು ಬಿಟ್ಟಿದ್ದರಂತೆ. ಆ ದೈತ್ಯ ಇವನ ಹೆಗಲನ್ನು ಮೆಟ್ಟಿಲು ಮಾಡಿಕೊಂಡು ಚೆಂಡುಗಳನ್ನೆಲ್ಲ ಬಾಚಿಕೊಂಡನಂತೆ. ಬೇಲಿಯಾಚೆ ನಿಂತಿದ್ದ ಇವನದೇ ಪಕ್ಷದ ಮುದುಕಿಯೊಬ್ಬಳು ಕೊಡೆ ಆಡಿಸುತ್ತ, ಹೋಗಿ ಕುರಿ ಮೇಯಿಸು ಎಂದಳಂತೆ. ಕುರಿ ಮೇಯಿಸುವ ಮನೆಯಿಂದಲೇ ಬಂದಿದ್ದರಿಂದ ಅದು ಇವನಿಗೆ ಬೈಗುಳ ಎನ್ನಿಸಲಿಲ್ಲವಂತೆ. ಬಿಡುವಿನಲ್ಲಿ ತರಬೇತುದಾರ ಬಂದು, "ನೀನು ಚೆಂಡನ್ನು ನೋಡುತ್ತ ನಿಲ್ಲುತ್ತೀಯ, ಅದಕ್ಕೇ ತಡವಾಗುತ್ತಿದೆ. ಎದುರಾಳಿಯ ಸದ್ದು ಕೇಳು, ಚೆಂಡನ್ನು ಗುದ್ದು" ಎಂದನಂತೆ. ಆಮೇಲೆ ದೈತ್ಯನ ಕೈಗೆ ಏನೂ ಸಿಗಲಿಲ್ಲ. "ಮರುದಿನ ಪತ್ರಿಕೆಯಲ್ಲಿ ನಿನ್ನ ಹೆಸರು ಬಂತೇ?" ಎಂದೆ. "ಹಿಂದೆ ನಿಲ್ಲುವ ಬ್ಯಾಕ್ ಆಟಗಾರನ ಹೆಸರು ಯಾರು ಹಾಕುತ್ತಾರೆ? ಚೆನ್ನಾಗಿ ಆಡಿದರೆ ಏನೂ ನಡೆದೇ ಇರುವುದಿಲ್ಲವಲ್ಲ" ಎಂದ.

ಒಂದೇ ಋತು ಆಡಿದ್ದ, ಅಷ್ಟರಲ್ಲಿ ಯುದ್ಧ ಬಂತು. ಜಾಗ ಇಟ್ಟಿರುತ್ತೇವೆ ಎಂದು ತಂಡದವರು ಹೇಳಿ ಕಳಿಸಿದ್ದರು. ಈಗ ಆ ಜಾಗದಲ್ಲಿ ಇವನಿಗಿಂತ ಚಿಕ್ಕವನೊಬ್ಬ ಆಡುತ್ತಿದ್ದಾನಂತೆ. ಹೇಸರಗತ್ತೆಯ ಹಲ್ಲಿಗೋ ಒದೆತಕ್ಕೋ ಒಂದು ಬೆರಳು ಸಿಕ್ಕಿದರೂ ಆ ಚಿಕ್ಕವನೇ ಉಳಿಯುತ್ತಾನೆ. ಹರಳೆಣ್ಣೆ ಅದಕ್ಕಾಗಿ.

ಅವನ ಪೆಟ್ಟಿಗೆಯಲ್ಲಿ ಆ ಚೆಂಡು ಇತ್ತು. ಎರಡು ಕಡೆಯೂ ಚೂಪು, ನಡುವೆ ಉಬ್ಬು. "ಪರಂಗಿಯೋರು ಪರಂಗಿಹಣ್ಣನ್ನೇ ಒದೀತಾರಾ" ಎಂದು ಮುನಿಯಪ್ಪ ಅದನ್ನು ಮೂಸಿ ನೋಡಿದ. ಒಣಗಿದ ಕೆರೆಯಂಗಳದಲ್ಲಿ ಆಟ ಶುರುವಾಯಿತು. ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮುಂಚೆ ಹಾರಿ ಹಿಡಿಯಬೇಕು. ಹಿಡಿದರೆ ಅದಕ್ಕೆ ‘ಮಾರ್ಕ್’ ಎಂದು ಹೆಸರು. ಮಾರ್ಕ್ ಆದಮೇಲೆ ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ. ಅವನು ನಿಧಾನವಾಗಿ ನಿಂತು ಒದೆಯಬಹುದು. ಅವರ ಊರಿನಲ್ಲಿ ಇದಕ್ಕೆ ತೀರ್ಪುಗಾರ ಸೀಟಿ ಊದುತ್ತಾನೆ. ಇಲ್ಲಿ ಸೀಟಿ ಊದಿದರೆ ಹೇಸರಗತ್ತೆಗಳು ಗೂಟ ಕಿತ್ತು ಓಡುತ್ತಿದ್ದವು. ಹಾಗಾಗಿ ಹಿಡಿದವನೇ ಬಾಯಿಬಿಟ್ಟು ‘ಮಾರ್ಕ್’ ಎಂದು ಕೂಗಬೇಕೆಂದು ದಾಸಣ್ಣ ನಿಯಮ ಮಾಡಿದ.

ಮೊದಲು ತಾನೇ ಹಾರಿ, ಚೆಂಡು ಹಿಡಿದು, ಎಳೆದು ಕೂಗಿದ. ಕೆರೆಯಂಗಳದಲ್ಲಿದ್ದವರೆಲ್ಲ ಗಕ್ಕನೆ ನಿಂತರು. ಇಬ್ಬರು ಕೈ ಮುಗಿದರು. ಏಕೆಂದರೆ ಕೆರೆ ಏರಿಯ ಮೇಲೆ, ಬೇವಿನ ಮರದಡಿ ಇರುವ ದೇವತೆಯ ಹೆಸರು ಮಾರಕ್ಕ. ಆ ಗುಡಿಗೆ ದೀಪ ಹಚ್ಚುತ್ತಿದ್ದವಳು ಮುನಿಯಪ್ಪನ ತಾಯಿ ಯಲ್ಲಮ್ಮ. ಏರಿಯ ಮೇಲೆ ನಿಂತಿದ್ದ ಅವಳು, "ನೋಡಪ್ಪ, ಬಿಳೀ ಮನ್ಸ ಆದ್ರೂ ಅವ್ವನ್ನ ನೆನ್ಸ್ಕಂತಾನೆ" ಎಂದು ಗಲ್ಲಕ್ಕೆ ಬೆರಳಿಟ್ಟಳು.

ನಾನು ಆ ತಪ್ಪನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ತಿದ್ದಿದ್ದರೆ ಆಟ ಕೆಡುತ್ತಿತ್ತು. ಆ ಹೆಸರು ಕೂಗಿದವನನ್ನು ಮುಟ್ಟಬಾರದೆಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿಯಮ ಇಷ್ಟು ಬೇಗ ಇವರಿಗೆ ಹೇಗೆ ಹತ್ತಿತು ಎಂದು ದಾಸಣ್ಣ ಬೆರಗಾದ. ತೊಡಕು ಬಂದದ್ದು ಕೆಡಿಸುವ ಪಾಠದಲ್ಲಿ. ಎಲ್ಲರೂ ಹಿಡಿಯುವವರೇ, ಗುದ್ದುವವರು ಒಬ್ಬರೂ ಇಲ್ಲ. ಅವ್ವನ ಹೆಸರು ಹೇಳಲು ಹೊರಟವನ ಕೈಗೆ ಬರುವ ಚೆಂಡನ್ನು ಗುದ್ದುವುದು ಹೇಗೆ? ಕೊನೆಗೆ ಮುನಿಯಪ್ಪ ದಾರಿ ಹುಡುಕಿದ. "ಹೆಸ್ರು ಬಾಯಿಂದ ಈಚೆ ಬರಾಕ್ ಮುಂಚೆ ಗುದ್ಬೇಕು ಕಣ್ಲಾ. ಮಾರಕ್ಕ ಅಂದಮ್ಯಾಲೆ ಗುದ್ಬಾರ್ದು. ಅಷ್ಟೇಯ." ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಿದಾಗ ದಾಸಣ್ಣ ಮುನಿಯಪ್ಪನ ಬೆನ್ನು ತಟ್ಟಿದ. ತನ್ನ ದೇಶದ ನಿಯಮ ಪುಸ್ತಕದಲ್ಲೂ ಹೆಚ್ಚುಕಡಿಮೆ ಅದೇ ಇದೆಯಂತೆ.

ಈಗ ಬಾವಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಏಕೆಂದು ನಿಮಗೆ ಅರ್ಥವಾಗಿರಬಹುದು.

ಬಿಸಿಲು ಬಲಿತು ಹೇಸರಗತ್ತೆಗಳಿಗೆ ನೀರು ಸಾಲದಾಯಿತು. ಮುನಿಯಪ್ಪನ ಹೊಲದ ಬಾವಿಯ ಹೂಳೆತ್ತಿದರೆ ಅವನಿಗೂ ಬಿಡಾರಕ್ಕೂ ನೀರಾಗುತ್ತದೆಂದು ಮಾತಾಯಿತು. ಚೌಕನೆಯ ದೊಡ್ಡ ಬಾವಿ. ಗೋಡೆಯಿಂದ ಚಾಚಿದ ಕಲ್ಲುಗಳೇ ಮೆಟ್ಟಿಲು. ಮೇಲೆ ರಾಟೆ, ಹಗ್ಗ ಎಳೆಯಲು ಎತ್ತು. ಕೆಳಗೆ ಮುನಿಯಪ್ಪ ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು ಮಂಕರಿಗೆ ಹೂಳು, ಕಲ್ಲು ತುಂಬುತ್ತಿದ್ದ. ಮೇಲೆ ಬಂದ ಮಂಕರಿಯನ್ನು ಯಲ್ಲಮ್ಮ ಎಳೆದು ಸುರಿಯುತ್ತಿದ್ದಳು. ನೀರಿನ ಕಣ್ಣು ಎಲ್ಲಿದೆ ನೋಡಬೇಕೆಂದು ದಾಸಣ್ಣ ಇಳಿದು, ಕೆಸರಿನಿಂದ ಒಂದಾಳೆತ್ತರದ ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ನಿಂತಿದ್ದ. ನಾನು ನಡುವಿನ ಮೆಟ್ಟಿಲಲ್ಲಿ ಗೋಡೆ ತಬ್ಬಿಕೊಂಡಿದ್ದೆ. ನಡುವೆ ಇರುವುದೇ ತಾನೆ ದುಭಾಷಿಯ ಕೆಲಸ.

ಮಂಕರಿ ಬಾವಿಯ ಬಾಯಿಕಟ್ಟೆಯ ಕಲ್ಲಿಗೆ ತಗುಲಿ ವಾಲಿತು. ಒಂದು ಕಲ್ಲು ಜಾರಿತು. ಸುಲಿಯದ ತೆಂಗಿನಕಾಯಿಯಷ್ಟಿತ್ತು. ನನ್ನ ಮುಖದ ಮುಂದೆಯೇ ಇಳಿಯಿತು. ಒದ್ದೆಯಾಗಿತ್ತು, ಒಂದು ಮಗ್ಗುಲಲ್ಲಿ ಪಾಚಿಯ ಹಸಿರು ಗೆರೆ, ತನ್ನಷ್ಟಕ್ಕೆ ತಿರುಗುತ್ತಿತ್ತು. ಆ ಗೆರೆಯನ್ನು ಈಗಲೂ ಬರೆದು ತೋರಿಸಬಲ್ಲೆ. ಮುನಿಯಪ್ಪ ಬಗ್ಗಿ ಕೆಸರಿನಲ್ಲಿ ಕೈಯಾಡಿಸುತ್ತಿದ್ದ. ಅವನ ಬೋಳು ತಲೆ ನೇರ ಕೆಳಗೆ. ನಾನು ಬಾಯಿ ತೆರೆದೆ. ನಾಲ್ಕು ಭಾಷೆ ಬಲ್ಲವನ ಬಾಯಿಂದ ಯಾವ ಭಾಷೆಯ ಮಾತೂ ಹೊರಡಲಿಲ್ಲ.

ಮೇಲಿನಿಂದ ಯಲ್ಲಮ್ಮ ಕೂಗಿದಳು: "ಮಾರಕ್ಕಾ."

ಗೋಡೆ ನೋಡುತ್ತಿದ್ದ ದಾಸಣ್ಣ ತಿರುಗಿದ್ದೂ, ಮೆಟ್ಟಿಲು ಬಿಟ್ಟು ಗಾಳಿಗೆ ಹಾರಿದ್ದೂ, ಮುಷ್ಟಿ ಬೀಸಿದ್ದೂ ಒಂದೇ ಚಲನೆಯಾಗಿತ್ತು. ಎರಡು ಸದ್ದು ಕೇಳಿದವು. ಮೊದಲನೆಯದು ಸಣ್ಣದು, ಒಣ ಕಡ್ಡಿ ಮುರಿದಂತೆ. ಎರಡನೆಯದು ಕಲ್ಲು ಪಕ್ಕದ ಗೋಡೆಗೆ ಬಡಿದದ್ದು. ಕಲ್ಲು ಮುನಿಯಪ್ಪನ ಹಿಮ್ಮಡಿಯ ಹತ್ತಿರ ಕೆಸರಿನಲ್ಲಿ ಮುಳುಗಿತು. ದಾಸಣ್ಣ ಮುನಿಯಪ್ಪನ ಮೇಲೆಯೇ ಬಿದ್ದ.

ಆಮೇಲೆ ಕೆಸರಿನಡಿಯಿಂದ ಮುನಿಯಪ್ಪನ ದನಿ ಬಂತು. "ಅಯ್ಯೋ ದಾಸಣ್ಣ, ನೀರು ನೋಡಾಕೆ ಬಂದೋನು ನನ್ಮ್ಯಾಲ್ಯಾಕ್ ಬಿದ್ದೆ?" ಅವನಿಗೆ ಕಲ್ಲಿನ ವಿಷಯವೇ ತಿಳಿದಿರಲಿಲ್ಲ. ಎದ್ದು ಕುಳಿತ ದಾಸಣ್ಣ ಬಲಗೈಯನ್ನು ಮುಖದ ಮುಂದೆ ಹಿಡಿದುಕೊಂಡು, ಬೇರೆಯವರ ವಸ್ತುವನ್ನು ನೋಡುವಂತೆ ನೋಡುತ್ತಿದ್ದ.

ಯುದ್ಧ ಮುಗಿಯಿತು, ನಾನು ಹೊಸೂರಿನ ಶಾಲೆಯೊಂದರಲ್ಲಿ ಮೇಷ್ಟ್ರಾದೆ, ಮದುವೆಯಾದೆ. ಆ ಕಲ್ಲು ಮಾತ್ರ ಇನ್ನೂ ಬೀಳುತ್ತಲೇ ಇದೆ. ಪಾಠ ಮಾಡುವಾಗ ಸೀಮೆಸುಣ್ಣ ಕೈಜಾರಿದರೆ ಬೀಳುತ್ತದೆ. ಪಕ್ಕದ ಮನೆಯ ರಾಟೆ ಕಿರುಗುಟ್ಟಿದರೆ ಕುಳಿತವನು ಎದ್ದು ನಿಲ್ಲುತ್ತೇನೆ. ನಮ್ಮ ಮನೆಯಲ್ಲಿ ನೀರು ಸೇದುವವಳು ನನ್ನ ಹೆಂಡತಿ. ನಾನು ಜಗಲಿಯ ಮೇಲೆ ಕುಳಿತು ‘ಹುಷಾರು’ ಎನ್ನುವ ಕೆಲಸವನ್ನು ವಹಿಸಿಕೊಂಡಿದ್ದೇನೆ. ಆ ಗಳಿಗೆಯನ್ನು ಮನಸ್ಸಿನಲ್ಲಿ ಹಿಂದೆ ಮುಂದೆ ಆಡಿಸಿ ನೋಡುತ್ತೇನೆ. ಒಮ್ಮೊಮ್ಮೆ ಯಲ್ಲಮ್ಮನ ಕೂಗನ್ನು ಒಂದು ರೆಪ್ಪೆಯಷ್ಟು ತಡ ಮಾಡುತ್ತೇನೆ. ಆಗ ಮುಂದಕ್ಕೆ ಹೋಗಲು ಧೈರ್ಯ ಬಾರದೆ ಅಲ್ಲಿಯೇ ಬಿಟ್ಟು ಎದ್ದು ಬರುತ್ತೇನೆ.

ದಾಸಣ್ಣ ಕಲ್ಲನ್ನು ನೋಡಿರಲಿಲ್ಲ. ಇದು ನನಗೆ ಖಂಡಿತ ಗೊತ್ತು, ಅವನ ಬೆನ್ನು ನನ್ನ ಕಣ್ಣ ಮುಂದಿತ್ತು. ಹಾಗಾದರೆ ಎಲ್ಲಿ ಗುದ್ದಬೇಕೆಂದು ಆ ಕೈಗೆ ಹೇಗೆ ತಿಳಿಯಿತು?

ಕಲ್ಲು ಬಿದ್ದ ಎರಡು ದಿನದ ಮೇಲೆ ಯಲ್ಲಮ್ಮ, ಮುನಿಯಪ್ಪ, ನಾನು ಅವನನ್ನು ನೋಡಲು ಬಿಡಾರದ ಆಸ್ಪತ್ರೆಗೆ ಹೋದೆವು. ಕೈಗೆ ದಪ್ಪನೆಯ ಕಟ್ಟು. ಗೆಣ್ಣುಗಳು ಒಡೆದಿದ್ದವು. ನನ್ನ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

"ಯಾರೋ ಮಾರ್ಕ್ ಎಂದು ಕೂಗಿದರು" ಎಂದ. "ಆ ಸದ್ದು ಕೇಳಿದ ಮೇಲೆ ಬ್ಯಾಕ್ ಆಟಗಾರ ಯೋಚನೆ ಮಾಡುವುದಿಲ್ಲ. ಕೂಗು ಎಲ್ಲಿಂದ ಬಂತೋ ಚೆಂಡು ಅಲ್ಲಿಯೇ ಇರುತ್ತದೆ. ಕಲ್ಲು ಎಂದು ಗೊತ್ತಾದದ್ದು ಕೈಗೆ ತಾಗಿದ ಮೇಲೆ."

ಆಗ ನಾನು ಹೇಳಿದೆ. ಯಲ್ಲಮ್ಮ ಮಾರ್ಕ್ ಎನ್ನಲಿಲ್ಲ. ಅದು ಅವಳ ದೇವತೆಯ ಹೆಸರು. ಕೆರೆಯಂಗಳದಲ್ಲಿ ಇವರೆಲ್ಲ ಕೂಗುತ್ತಿದ್ದದ್ದೂ ಅದನ್ನೇ. ದಾಸಣ್ಣ ಕಟ್ಟಿನ ಕೈಯನ್ನು ದಿಂಬಿನ ಮೇಲೆ ಸರಿಯಾಗಿ ಇಟ್ಟುಕೊಂಡ. ಆಮೇಲೆ ಕೇಳಿದ: "ಆಕೆ ಯಾವ ಪಕ್ಷಕ್ಕೆ ಆಡುತ್ತಾಳೆ?"

ಯಲ್ಲಮ್ಮನಿಗೆ ಅನುವಾದಿಸಿದೆ. "ನಮ್ ಪಕ್ಸ ಅನ್ನಪ್ಪ. ಇನ್ಯಾರ್ ಪಕ್ಸ? ನಾನ್ ಕರೆದೆ, ಅವ್ವ ಬಂದ್ಲು, ಇವನ ಕೈಯಾಗೆ ಬಂದ್ಲು" ಎಂದಳು ಅವಳು.

ಮುನಿಯಪ್ಪ ಗಂಭೀರವಾಗಿ ತಲೆ ಕೆರೆದುಕೊಂಡ. "ಆದ್ರೂ ನೋಡಮ್ಮ, ಹೆಸ್ರು ಅಂದಮ್ಯಾಲೆ ಗುದ್ದವ್ನೆ. ತಪ್ಪು ತಪ್ಪೇಯ. ಅದ್ಕೇ ಕೈ ಮುರ್ಕಂಡ."

ಯಲ್ಲಮ್ಮ ಮಗನ ತಲೆಗೆ ಒಂದು ಬಿಟ್ಟಳು. ದಾಸಣ್ಣ ಏನೆಂದು ಕೇಳಿದ. ಹೇಳಿದೆ. ಕಟ್ಟಿನ ಕೈಯನ್ನು ಎದೆಗೊತ್ತಿಕೊಂಡು, ನೋವಿಗೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

ಕಟ್ಟು ಬಿಚ್ಚಿದಾಗ ನಗು ಬರಲಿಲ್ಲ. ಬೆರಳುಗಳು ಒಳಕ್ಕೆ ಮಡಿಸಿಕೊಂಡೇ ಕೂಡಿಕೊಂಡಿದ್ದವು. ಎಡಗೈಯಿಂದ ಬಿಡಿಸಿದರೆ ಅರ್ಧ ಬಿಡಿಸಿಕೊಂಡು ಮತ್ತೆ ಮುದುಡುತ್ತಿದ್ದವು. ಹರಳೆಣ್ಣೆಯ ಸೀಸೆಯನ್ನು ಯಲ್ಲಮ್ಮ ತಾನೇ ತಗೊಂಡು ಬಂದು, ಮೂರು ಸಂಜೆ ಕುಳಿತು ತಿಕ್ಕಿದಳು. ಏನೂ ಆಗಲಿಲ್ಲ. ಅಷ್ಟರಲ್ಲಿ ಹಡಗು ಸಿಕ್ಕಿದೆಯೆಂದು ಸುದ್ದಿ ಬಂತು.

ಹೊರಡುವ ಬೆಳಿಗ್ಗೆ ಬೆಂಗಳೂರಿಗೆ ಹೋಗುವ ಲಾರಿ ರಸ್ತೆಗೆ ಬಂದು ನಿಂತಿತ್ತು. ಯಲ್ಲಮ್ಮ ನನ್ನ ತೋಳು ಹಿಡಿದು, "ಅವ್ನ ಆಟ ಹೋಯ್ತಾ ಕೇಳಪ್ಪ. ನಿಜ ಹೇಳು ಅನ್ನು" ಎಂದಳು. ನಾಲ್ಕು ಭಾಷೆಯಲ್ಲಿ ನಾನು ಮಾಡಿದ ಅನುವಾದಗಳಲ್ಲಿ ಅದು ಎಲ್ಲಕ್ಕಿಂತ ಕಷ್ಟದ್ದು.

ದಾಸಣ್ಣ ಬಲಗೈ ಎತ್ತಿ ತೋರಿಸಿದ. "ಹಿಡಿಯುವುದು ಮುಗಿಯಿತು" ಎಂದ. ಆಮೇಲೆ ಆ ಮಡಿಸಿದ ಬೆರಳುಗಳನ್ನು ತಾನೇ ಒಮ್ಮೆ ಹೊಸದಾಗಿ ನೋಡಿ, "ಆದರೆ ನೋಡಿ, ಇದು ಮುಷ್ಟಿ. ಕಟ್ಟುವ ಶ್ರಮವೂ ಇಲ್ಲ, ಸದಾ ಕಟ್ಟಿಯೇ ಇರುತ್ತದೆ. ಬ್ಯಾಕ್ ಆಟಗಾರನಿಗೆ ಇಷ್ಟು ಸಾಕಾಗಬಹುದು" ಎಂದ.

ಆ ‘ಬಹುದು’ ಎಂಬುದನ್ನು ನಾನು ಬಿಡದೆ ಅನುವಾದಿಸಿದೆ. ಯಲ್ಲಮ್ಮ ಅವನ ಮುಷ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು.

ಲಾರಿ ಹೊರಟಿತು. ಹಿಂಬದಿಯಲ್ಲಿ ನಿಂತಿದ್ದ ದಾಸಣ್ಣ ಏನೋ ನೆನಪಾದವನಂತೆ ಬಗ್ಗಿ, ಪೆಟ್ಟಿಗೆಯಿಂದ ಚೆಂಡು ತೆಗೆದು, ಎಡಗೈಯಿಂದ ನನ್ನ ಕಡೆ ಎಸೆದ. ಅದು ಬರುತ್ತಿತ್ತು. ಹುಟ್ಟಿದಂದಿನಿಂದ ಮೊದಲ ಸಲ ನಾನು ಕಣ್ಣು ಮುಚ್ಚಲಿಲ್ಲ. ಹಿಡಿಯಲೂ ಇಲ್ಲ. ಗುದ್ದಿದೆ. ಚೆಂಡು ಓರೆಯಾಗಿ ಎದ್ದು ಹುಣಿಸೆ ಮರದ ಕಡೆ ಹೋಯಿತು. ಮುನಿಯಪ್ಪ ಓಡಿ, ಹಾರಿ, ಎದೆಗೆ ಅಪ್ಪಿ ಹಿಡಿದು ಊರಿಗೆಲ್ಲ ಕೇಳುವಂತೆ ಕೂಗಿದ: "ಮಾರಕ್ಕಾ."

ಯಾರೋ ಚಕ್ರಕ್ಕೆ ಸಿಕ್ಕರೆಂದು ಹೆದರಿ ಡ್ರೈವರ್ ಲಾರಿ ನಿಲ್ಲಿಸಿಬಿಟ್ಟ. ಧೂಳು ಇಳಿದಾಗ ದಾಸಣ್ಣ ಕಂಡ. ಬಲಗೈಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ, ಮಡಿಸಿದ್ದು ಮಡಿಸಿದ ಹಾಗೆಯೇ.

ಆ ಚೆಂಡು ಈಗ ಗಾಳಿ ಹೋಗಿ, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಬೇವಿನ ಮರದಡಿ ಮಾರಕ್ಕನ ಪಕ್ಕದಲ್ಲಿದೆ. ಹೊಸದಾಗಿ ಬಂದವರು ಅದೇನು ಹಣ್ಣು ಎಂದು ಕೇಳುತ್ತಾರಂತೆ.

ಬೆಂಗಳೂರಿಗೆ ಹೋದಾಗಲೆಲ್ಲ ವಾಚನಾಲಯಕ್ಕೆ ಹೋಗಿ, ಆ ದೇಶದಿಂದ ತಡವಾಗಿ ಬರುವ ಹಳೆಯ ಪತ್ರಿಕೆಗಳ ಆಟದ ಪುಟವನ್ನು ಬೆರಳಿಟ್ಟು ಓದುತ್ತೇನೆ. ಯಾರು ಹಿಡಿದರು, ಯಾರು ಒದ್ದರು ಎಲ್ಲವೂ ಇರುತ್ತದೆ. ಡಾಸನ್ ಎಂಬ ಹೆಸರು ಇದುವರೆಗೆ ಎಲ್ಲಿಯೂ ಸಿಕ್ಕಿಲ್ಲ. ಚೆನ್ನಾಗಿ ಆಡುತ್ತಿದ್ದಾನೆಂದು ಕಾಣುತ್ತದೆ.